ಆಟೊಇಟ್ ಸ್ಕ್ರಿಪ್ಟುಗಳಿಗಾಗಿ ಸೈಟ್ ಎಡಿಟರನ್ನು ಕೈಗೆ ಒಗ್ಗಿಸಿಕೊಳ್ಳುವುದು

ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ವರದಿ ತೆಗೆದು ಎಕ್ಸೆಲ್‌ಗೆ ಹಾಕುವುದು, ನೂರಾರು ಫೈಲುಗಳ ಹೆಸರು ಬದಲಿಸುವುದು, ಒಂದೇ ಬಗೆಯ ಫಾರಂ ಮತ್ತೆ ಮತ್ತೆ ತುಂಬುವುದು: ವಿಂಡೋಸ್‌ನಲ್ಲಿ ಇಂಥ ಕೆಲಸಗಳನ್ನು ಕಂಪ್ಯೂಟರಿಗೇ ಒಪ್ಪಿಸಲು ಆಟೊಇಟ್ ಎಂಬ ಸ್ಕ್ರಿಪ್ಟ್ ಭಾಷೆ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದರ ಜೊತೆಗೆ ಬರುವ ಎಡಿಟರ್ ಸೈಟ್. ಇಂಗ್ಲಿಷಿನಲ್ಲಿ ಎಸ್, ಸಿ, ಐ, ಟಿ, ಇ ಎಂದು ಬರೆಯುತ್ತಾರೆ. ನೀಲ್ ಹಾಡ್ಜ್‌ಸನ್ ಬರೆದ ಸಿಂಟಿಲ್ಲಾ ಎಂಬ ಎಡಿಟಿಂಗ್ ಘಟಕದ ಮೇಲೆ ಇದು ನಿಂತಿದೆ. ನೋಡಲು ಹಳೆಯ ಕಾಲದ್ದರಂತೆ ಕಾಣುತ್ತದೆ, ಸೆಟ್ಟಿಂಗ್‌ಗಳಿಗೆ ಚಂದದ ಕಿಟಕಿಗಳಿಲ್ಲ. ಆದರೆ ಒಳಗೆ ಕೈ ಹಾಕಿದರೆ ಬಣ್ಣ, ಕೀಲಿ, ಮೆನುಗಳಿಂದ ಹಿಡಿದು ಫೈಲ್ ಸೇವ್ ಆಗುವ ಗಳಿಗೆಯವರೆಗೆ ಎಲ್ಲವನ್ನೂ ಬದಲಿಸಬಹುದು.

ಇಲ್ಲಿ ಮೂರು ಹಂತಗಳಿವೆ: ಪ್ರಾಪರ್ಟೀಸ್ ಫೈಲಿನ ಸೆಟ್ಟಿಂಗ್‌ಗಳು, ಟೂಲ್ಸ್ ಮೆನುವಿಗೆ ಸೇರಿಸುವ ಆಜ್ಞೆಗಳು, ಲುವಾ ಭಾಷೆಯಲ್ಲಿ ಬರೆಯುವ ಫಂಕ್ಷನ್‌ಗಳು. ಒಂದು ಸೆಟ್ಟಿಂಗಿನಿಂದ ಆಗುವುದಕ್ಕೆ ಆಜ್ಞೆ ಬರೆಯಬೇಡಿ, ಆಜ್ಞೆಯಿಂದ ಆಗುವುದಕ್ಕೆ ಲುವಾ ಬರೆಯಬೇಡಿ. ಯಾವ ಹಂತದಲ್ಲೇ ಆಗಲಿ, ನಿಮ್ಮ ಬದಲಾವಣೆ ನಿಮ್ಮದೇ ಫೈಲಿನಲ್ಲಿರಲಿ, ಪ್ಯಾಕೇಜಿನ ಫೈಲಿನಲ್ಲಿ ಬೇಡ. ಎಡಿಟರನ್ನು ಅಪ್‌ಡೇಟ್ ಮಾಡಿದಾಗ ಪ್ಯಾಕೇಜಿನ ಫೈಲುಗಳ ಮೇಲೆ ಹೊಸವು ಬಂದು ಕೂರುತ್ತವೆ. ಅವುಗಳಲ್ಲಿ ತಿದ್ದಿದ್ದೆಲ್ಲ ಹೇಳದೆ ಕೇಳದೆ ಅಳಿಸಿಹೋಗುತ್ತದೆ.

ಓದುವ ಮುನ್ನ ಒಂದು ಸೂಚನೆ. ಸೆಟ್ಟಿಂಗ್‌ಗಳ, ಫೈಲುಗಳ, ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಚುಕ್ಕಿ, ಸಮಚಿಹ್ನೆ, ಅಂಕಿಗಳು ಇಲ್ಲಿರುವಂತೆಯೇ ಇರಲಿ.

ಯಾವುದನ್ನು ಹಾಕಿಕೊಳ್ಳಬೇಕು, ಫೈಲುಗಳು ಎಲ್ಲಿವೆ

ಆಟೊಇಟ್ ಇನ್‌ಸ್ಟಾಲರ್ ಒಳಗೆ ಸೈಟ್‌ನ ಪುಟ್ಟ ಆವೃತ್ತಿಯೊಂದಿದೆ. ಬಣ್ಣ ಹಚ್ಚುವುದು, ಎಫ್5 ಒತ್ತಿ ಓಡಿಸುವುದು ಅದರಲ್ಲೂ ಆಗುತ್ತದೆ. ಕೋಡನ್ನು ಒಪ್ಪವಾಗಿ ಜೋಡಿಸುವ ಟೈಡಿ, ಫಾಂಟ್ ಬಣ್ಣಗಳನ್ನು ಬದಲಿಸುವ ಸೈಟ್ ಕಾನ್ಫಿಗ್, ಕಾಲ್‌ಟಿಪ್ ಮ್ಯಾನೇಜರ್, ಅಬ್ರಿವಿಯೇಶನ್ ಮ್ಯಾನೇಜರ್ ಇವೆಲ್ಲ ಬೇಕೆಂದರೆ ಆಟೊಇಟ್ ತಾಣದಿಂದಲೇ ಸೈಟ್4ಆಟೊಇಟ್3 ಎಂಬ ಪೂರ್ಣ ಪ್ಯಾಕೇಜನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಮೊದಲು ಆಟೊಇಟ್, ಆಮೇಲೆ ಪ್ಯಾಕೇಜ್. ಮುಂದಿನದೆಲ್ಲ ಪೂರ್ಣ ಪ್ಯಾಕೇಜನ್ನು ಕುರಿತದ್ದು.

ಸೈಟ್ ತನ್ನ ಸೆಟ್ಟಿಂಗ್‌ಗಳನ್ನು ನಾಲ್ಕು ಕಡೆ ಹುಡುಕುತ್ತದೆ. ಗ್ಲೋಬಲ್ ಫೈಲು ಪ್ಯಾಕೇಜಿನದು. ಯೂಸರ್ ಫೈಲು ನಿಮ್ಮದು. ಡೈರೆಕ್ಟರಿ ಫೈಲು ಒಂದು ಪ್ರಾಜೆಕ್ಟ್ ಫೋಲ್ಡರಿಗೂ ಅದರ ಒಳಗಿನವಕ್ಕೂ ಅನ್ವಯಿಸುತ್ತದೆ. ಲೋಕಲ್ ಫೈಲು ಸ್ಕ್ರಿಪ್ಟ್ ಇರುವ ಫೋಲ್ಡರಿಗೆ ಮಾತ್ರ. ಒಂದೇ ಸೆಟ್ಟಿಂಗ್ ಹಲವು ಕಡೆ ಇದ್ದರೆ ಲೋಕಲ್‌ನದು ಗೆಲ್ಲುತ್ತದೆ, ನಂತರ ಡೈರೆಕ್ಟರಿ, ನಂತರ ಯೂಸರ್, ಕೊನೆಗೆ ಗ್ಲೋಬಲ್. ಡೈರೆಕ್ಟರಿ ಫೈಲು ತಾನಾಗಿ ಕೆಲಸ ಮಾಡುವುದಿಲ್ಲ. ಯೂಸರ್ ಫೈಲಿನಲ್ಲಿ ಪ್ರಾಪರ್ಟೀಸ್.ಡೈರೆಕ್ಟರಿ.ಎನೇಬಲ್=1 ಎಂದು ಬರೆದ ಮೇಲೆಯೇ ಅದನ್ನು ಓದುತ್ತದೆ.

ಯೂಸರ್ ಫೈಲನ್ನು ಎಕ್ಸ್‌ಪ್ಲೋರರಿನಲ್ಲಿ ಹುಡುಕುತ್ತ ಹೋಗಬೇಡಿ. ಅದರ ಜಾಗ ಪ್ಯಾಕೇಜಿನ ಆವೃತ್ತಿಗೆ ತಕ್ಕಂತೆ ಬದಲಾಗಿದೆ. ಈಚಿನವು ಬಳಕೆದಾರರ ಲೋಕಲ್ ಆಪ್‌ಡೇಟಾ ಫೋಲ್ಡರಿನೊಳಗೆ ಇಡುತ್ತವೆ, ಹಳೆಯವು ನೇರವಾಗಿ ಯೂಸರ್ ಫೋಲ್ಡರಿನಲ್ಲಿ ಇಡುತ್ತಿದ್ದವು. ಆಪ್ಶನ್ಸ್ ಮೆನುವಿನ ‘ಓಪನ್ ಯೂಸರ್ ಆಪ್ಶನ್ಸ್ ಫೈಲ್’ ಒತ್ತಿದರೆ ಸರಿಯಾದದ್ದೇ ತೆರೆಯುತ್ತದೆ.

ತೆರೆದಾಗ ಫೈಲಿನ ನಡುವೆಲ್ಲೋ ‘ಈ ಸಾಲಿನ ನಂತರ ಏನನ್ನೂ ಬದಲಿಸಬೇಡಿ’ ಎಂಬ ಅರ್ಥದ ಇಂಗ್ಲಿಷ್ ಟಿಪ್ಪಣಿ ಇರಬಹುದು. ಅದು ಸೈಟ್ ಕಾನ್ಫಿಗ್ ಹಾಕುವ ಗಡಿ. ಗಡಿಯ ಕೆಳಗಿನ ಭಾಗವನ್ನು ಆ ಟೂಲ್ ಪ್ರತಿಸಲ ಹೊಸದಾಗಿ ಬರೆಯುತ್ತದೆ. ನಿಮ್ಮ ಸಾಲುಗಳು ಗಡಿಯ ಮೇಲೆಯೇ ಇರಬೇಕು. ಇಲ್ಲೊಂದು ತೊಡಕಿದೆ: ಒಂದೇ ಫೈಲಿನಲ್ಲಿ ಒಂದು ಹೆಸರು ಎರಡು ಸಲ ಬಂದರೆ ಕೊನೆಯದು ನಡೆಯುತ್ತದೆ. ಆದ್ದರಿಂದ ಮೇಲ್ಭಾಗದಲ್ಲಿ ನೀವು ಬರೆದ ಫಾಂಟ್ ಸೆಟ್ಟಿಂಗ್ ಗಡಿಯ ಕೆಳಗೂ ಇದ್ದರೆ ನಿಮ್ಮದು ಲೆಕ್ಕಕ್ಕಿಲ್ಲ. ‘ಫಾಂಟ್ ಬದಲಿಸಿದೆ, ಏನೂ ಆಗಲಿಲ್ಲ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಫಾಂಟ್ ಮತ್ತು ಬಣ್ಣಗಳನ್ನು ಸೈಟ್ ಕಾನ್ಫಿಗ್‌ನಿಂದಲೇ ಬದಲಿಸಿ, ಉಳಿದದ್ದನ್ನು ಗಡಿಯ ಮೇಲೆ ಕೈಯಾರೆ ಬರೆಯಿರಿ. ಈ ಹಂಚಿಕೆ ಇಟ್ಟುಕೊಂಡರೆ ಜಗಳವಿಲ್ಲ.

ಮೊದಲ ಹಂತ: ಸೆಟ್ಟಿಂಗ್‌ಗಳು

ಬರೆಯುವ ರೀತಿ ಸರಳ: ಹೆಸರು, ಸಮಚಿಹ್ನೆ, ಮೌಲ್ಯ. ಸಮಚಿಹ್ನೆಯ ಮುಂಚೆ ಖಾಲಿ ಜಾಗ ಬಿಡಬಾರದು. ‘ಟ್ಯಾಬ್‌ಸೈಜ್ = 4’ ಎಂದು ಬರೆದರೆ ಕೊನೆಯಲ್ಲಿ ಖಾಲಿ ಜಾಗವಿರುವ ಬೇರೊಂದು ಹೆಸರಿಗೆ ಮೌಲ್ಯ ಸೇರುತ್ತದೆ, ದೋಷವನ್ನೂ ತೋರಿಸುವುದಿಲ್ಲ. ಸಾಲಿನ ಆರಂಭದಲ್ಲೂ ಜಾಗ ಬೇಡ, ಏಕೆಂದರೆ ಷರತ್ತಿನ ಕೆಳಗೆ ಬರುವ ಸಾಲುಗಳನ್ನು ಸೈಟ್ ಆ ಜಾಗದಿಂದಲೇ ಗುರುತಿಸುತ್ತದೆ. ಹ್ಯಾಶ್ ಚಿಹ್ನೆಯಿಂದ ಶುರುವಾದದ್ದು ಟಿಪ್ಪಣಿ. ಉದ್ದದ ಮೌಲ್ಯವನ್ನು ಮುಂದಿನ ಸಾಲಿಗೆ ಒಯ್ಯಲು ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಬೇಕು, ಅದರ ನಂತರ ಏನೂ ಇರಬಾರದು.

ಆಟೊಮೇಶನ್ ಸ್ಕ್ರಿಪ್ಟ್ ಬರೆಯುವವರಿಗೆ ಮೊದಲ ದಿನವೇ ಹಾಕಿಕೊಳ್ಳಲು ಯೋಗ್ಯವಾದವು ಇವು:

ಟ್ಯಾಬ್‌ಸೈಜ್=4
ಇಂಡೆಂಟ್.ಸೈಜ್=4
ಲೈನ್.ಮಾರ್ಜಿನ್.ವಿಸಿಬಲ್=1
ಎಡ್ಜ್.ಮೋಡ್=1
ಎಡ್ಜ್.ಕಾಲಮ್=120
ಹೈಲೈಟ್.ಕರೆಂಟ್.ವರ್ಡ್=1
ಸ್ಟ್ರಿಪ್.ಟ್ರೇಲಿಂಗ್.ಸ್ಪೇಸಸ್=1
ಸೇವ್.ಸೆಷನ್=1
ಬಫರ್ಸ್=40
ಲೋಡ್.ಆನ್.ಆಕ್ಟಿವೇಟ್=1
ಕ್ಲಿಯರ್.ಬಿಫೋರ್.ಎಕ್ಸಿಕ್ಯೂಟ್=1

ಇವುಗಳಲ್ಲಿ ಹೆಚ್ಚು ಉಪಕಾರಿ ಹೈಲೈಟ್.ಕರೆಂಟ್.ವರ್ಡ್. ಕರ್ಸರ್ ಇರುವ ಪದ ಫೈಲಿನಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬಣ್ಣ ಬೀಳುತ್ತದೆ. ವೇರಿಯೇಬಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅದಕ್ಕೆ ಮಾತ್ರ ಬಣ್ಣ ಬೀಳದೆ ಕಣ್ಣಿಗೆ ಹೊಡೆಯುತ್ತದೆ. ಲೋಡ್.ಆನ್.ಆಕ್ಟಿವೇಟ್ ಇದ್ದರೆ ಟೈಡಿಯಂಥ ಹೊರಗಿನ ಟೂಲ್ ಫೈಲನ್ನು ಬದಲಿಸಿದಾಗ ಎಡಿಟರ್ ಹಳೆಯ ಪ್ರತಿಯನ್ನೇ ಹಿಡಿದುಕೊಂಡು ಕೂರುವುದಿಲ್ಲ. ಸೇವ್.ಸೆಷನ್ ಇದ್ದರೆ ನಿನ್ನೆ ತೆರೆದಿದ್ದ ಟ್ಯಾಬ್‌ಗಳೇ ಇಂದು ಮತ್ತೆ ಬರುತ್ತವೆ. ಪ್ರಾಪರ್ಟೀಸ್ ಫೈಲನ್ನು ಸೈಟ್ ಒಳಗೇ ಸೇವ್ ಮಾಡಿದರೆ ಹೆಚ್ಚಿನವು ಕೂಡಲೇ ಜಾರಿಗೆ ಬರುತ್ತವೆ. ಬಫರ್ಸ್‌ನಂಥ ಕೆಲವಕ್ಕೆ ಮಾತ್ರ ಎಡಿಟರನ್ನು ಮುಚ್ಚಿ ತೆರೆಯಬೇಕು.

ಸೈಟ್ ಕಾನ್ಫಿಗ್ ಬಿಟ್ಟು ಬಣ್ಣಗಳನ್ನು ಕೈಯಾರೆ ಬದಲಿಸುವವರಿಗೆ: ಕೋಡಿನ ಪದಗಳ ಬಗೆ ಗುರುತಿಸುವ ಆಟೊಇಟ್ ಲೆಕ್ಸರ್ ಪ್ರತಿಯೊಂದು ಬಗೆಯ ಪದಕ್ಕೂ ಒಂದು ಅಂಕಿ ಕೊಡುತ್ತದೆ. 1 ಟಿಪ್ಪಣಿ, 3 ಸಂಖ್ಯೆ, 4 ಒಳಗಿನ ಫಂಕ್ಷನ್, 5 ಕೀವರ್ಡ್, 6 ಮ್ಯಾಕ್ರೊ, 7 ಸ್ಟ್ರಿಂಗ್, 9 ವೇರಿಯೇಬಲ್, 10 ಸೆಂಡ್ ಕೀಲಿಗಳು, 15 ಯುಡಿಎಫ್ (ಬಳಕೆದಾರರು ಬರೆದ ಫಂಕ್ಷನ್). ಸ್ಟೈಲ್.ಎಯು3.10 ಎಂಬ ಸಾಲಿಗೆ ಗಾಢ ಬಣ್ಣ ಕೊಡಿ. ಸ್ಟ್ರಿಂಗ್ ಒಳಗಿನ ಎಂಟರ್, ಟ್ಯಾಬ್ ಮೊದಲಾದ ಕೀಲಿಗಳು ಬೇರೆಯಾಗಿ ಕಾಣುತ್ತವೆ. ಪುಷ್ಪಾವರಣ ಬಿಟ್ಟುಹೋಗಿದ್ದರೆ ಬಣ್ಣ ಬರುವುದಿಲ್ಲ, ತಪ್ಪು ಓಡಿಸುವ ಮೊದಲೇ ಗೊತ್ತಾಗುತ್ತದೆ.

ಕನ್ನಡ ಪಠ್ಯ ಇರುವ ಸ್ಕ್ರಿಪ್ಟುಗಳು

ಮೆಸೇಜ್ ಬಾಕ್ಸಿನಲ್ಲಿ ಕನ್ನಡ ತೋರಿಸುವುದು, ಫಾರಂನಲ್ಲಿ ಕನ್ನಡ ತುಂಬುವುದು ನಮ್ಮಲ್ಲಿ ಸಾಮಾನ್ಯ. ಮೊದಲು ಯೂಸರ್ ಫೈಲಿನಲ್ಲಿ ಕೋಡ್.ಪೇಜ್=65001 ಮತ್ತು ಔಟ್‌ಪುಟ್.ಕೋಡ್.ಪೇಜ್=65001 ಹಾಕಿ. 65001 ಎಂದರೆ ಯುಟಿಎಫ್-8. ಜೊತೆಗೆ ಟೆಕ್ನಾಲಜಿ=1 ಇರಲಿ. ಆಗ ಅಕ್ಷರ ಮೂಡಿಸುವ ಕೆಲಸ ಡೈರೆಕ್ಟ್‌ರೈಟ್‌ಗೆ ಹೋಗುತ್ತದೆ, ಒತ್ತಕ್ಷರಗಳು ಚೆನ್ನಾಗಿ ಕೂರುತ್ತವೆ. ಫಾಂಟ್ ಕನ್ಸೋಲಸ್ ಆಗಿದ್ದರೂ ಕನ್ನಡ ಭಾಗಕ್ಕೆ ವಿಂಡೋಸ್ ನಿರ್ಮಲಾ ಯುಐನಂಥ ಫಾಂಟನ್ನು ತಾನೇ ಬಳಸಿಕೊಳ್ಳುತ್ತದೆ. ಕನ್ನಡ ಅಕ್ಷರಗಳ ಅಗಲ ಸಮನಾಗಿರುವುದಿಲ್ಲವಾದ್ದರಿಂದ ಕನ್ನಡವಿರುವ ಸಾಲುಗಳನ್ನು ಕಾಲಮ್ಮಿಗೆ ಸರಿಯಾಗಿ ಜೋಡಿಸಲು ಹೆಣಗಬೇಡಿ.

ಸ್ಕ್ರಿಪ್ಟನ್ನು ಸೇವ್ ಮಾಡುವ ಮೊದಲು ಫೈಲ್ ಮೆನುವಿನ ಎನ್‌ಕೋಡಿಂಗ್‌ನಲ್ಲಿ ‘ಯುಟಿಎಫ್-8 ವಿತ್ ಬಿಒಎಂ’ ಆರಿಸಿ. ಫೈಲಿನ ತಲೆಯಲ್ಲಿ ಕೂರುವ ಆ ಮೂರು ಬೈಟ್‌ಗಳನ್ನು ನೋಡಿದರೆ ಆಟೊಇಟ್‌ಗಾಗಲಿ ಉಳಿದ ಟೂಲ್‌ಗಳಿಗಾಗಲಿ ಊಹೆ ಮಾಡುವ ಪ್ರಮೇಯ ಬರುವುದಿಲ್ಲ. ಐಎನ್‌ಐ ಫೈಲುಗಳ (ಸ್ಕ್ರಿಪ್ಟುಗಳ ಸೆಟ್ಟಿಂಗ್ ಬರೆದಿಡುವ ಫೈಲುಗಳ) ಕಥೆ ಬೇರೆ. ಆಟೊಇಟ್‌ನ ಐಎನ್‌ಐ ಫಂಕ್ಷನ್‌ಗಳು ಯೂನಿಕೋಡ್ ಓದುವುದು ಯುಟಿಎಫ್-16 ಲಿಟಲ್ ಎಂಡಿಯನ್‌ನಲ್ಲಿ ಮಾತ್ರ. ಕನ್ನಡ ಇರುವ ಐಎನ್‌ಐ ಫೈಲನ್ನು ಅದೇ ಎನ್‌ಕೋಡಿಂಗ್ ಮೆನುವಿನಿಂದ ಆ ರೂಪಕ್ಕೆ ಬದಲಿಸಿ ಸೇವ್ ಮಾಡಿ.

ಇಷ್ಟಾದರೂ ಔಟ್‌ಪುಟ್ ಪೇನಿನಲ್ಲಿ ಕನ್ನಡದ ಬದಲು ಪ್ರಶ್ನೆಚಿಹ್ನೆಗಳು ಬರಬಹುದು. ಆ ಪೇನಿಗೆ ಪಠ್ಯ ಬರೆಯುವ ಆಟೊಇಟ್ ಫಂಕ್ಷನ್ ಕನ್ಸೋಲ್‌ರೈಟ್ ತನ್ನ ಪಠ್ಯವನ್ನು ಎಎನ್‌ಎಸ್‌ಐ ಎಂಬ ಹಳೆಯ ಎನ್‌ಕೋಡಿಂಗ್‌ಗೆ ಇಳಿಸಿ ಕಳಿಸುತ್ತದೆ, ವಿಂಡೋಸ್‌ನಲ್ಲಿ ಕನ್ನಡಕ್ಕೆ ಎಎನ್‌ಎಸ್‌ಐ ಕೋಡ್‌ಪೇಜೇ ಇಲ್ಲ. ಪರಿಹಾರ ಹೀಗೆ: ಪಠ್ಯವನ್ನು ಸ್ಟ್ರಿಂಗ್‌ಟುಬೈನರಿಗೆ 4 ಎಂಬ ಫ್ಲಾಗ್‌ನೊಂದಿಗೆ ಕೊಡಿ (4 ಎಂದರೆ ಯುಟಿಎಫ್-8). ಬಂದದ್ದನ್ನು ಬೈನರಿಟುಸ್ಟ್ರಿಂಗ್‌ಗೆ 1 ಎಂಬ ಫ್ಲಾಗ್‌ನೊಂದಿಗೆ ಕೊಟ್ಟು, ಆ ಫಲಿತಾಂಶವನ್ನು ಕನ್ಸೋಲ್‌ರೈಟ್‌ಗೆ ದಾಟಿಸಿ. ಬೈಟ್‌ಗಳು ಹಾಗೆಯೇ ಬಂದು ತಲುಪುತ್ತವೆ, ಔಟ್‌ಪುಟ್.ಕೋಡ್.ಪೇಜ್ ಅವನ್ನು ಕನ್ನಡವಾಗಿ ಓದುತ್ತದೆ. ಇದನ್ನು ಒಂದು ಪುಟ್ಟ ಫಂಕ್ಷನ್ ಮಾಡಿ ನಿಮ್ಮ ಇನ್‌ಕ್ಲೂಡ್ ಫೈಲಿನಲ್ಲಿ ಇಟ್ಟುಕೊಳ್ಳಿ.

ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನ ಪಠ್ಯವನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎಡಿಟರಿನ ಯಾವ ಸೆಟ್ಟಿಂಗೂ ಅದನ್ನು ಸರಿಮಾಡದು. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ ಆಮೇಲೆ ತನ್ನಿ.

ತಪ್ಪು ಹಿಡಿಯುವ ಟೂಲನ್ನು ಬಿಗಿ ಮಾಡುವುದು

ಎಫ್5 ಒತ್ತಿದಾಗ ಸ್ಕ್ರಿಪ್ಟ್ ಓಡುವ ಮುಂಚೆ ಎಯು3ಚೆಕ್ ಎಂಬ ಪರೀಕ್ಷಕ ಓಡುತ್ತದೆ. ಹಾಗೇ ಬಿಟ್ಟರೆ ಅದು ಸಡಿಲ. ಅದರ 3ರಿಂದ 6ರವರೆಗಿನ ಎಚ್ಚರಿಕೆಗಳು ತಾವಾಗಿ ಚಾಲೂ ಇರುವುದಿಲ್ಲ. 3 ಒಂದೇ ವೇರಿಯೇಬಲನ್ನು ಎರಡು ಸಲ ಘೋಷಿಸಿದರೆ, 4 ಲೋಕಲ್ ಎಂಬುದನ್ನು ಗ್ಲೋಬಲ್ ಜಾಗದಲ್ಲಿ ಬಳಸಿದರೆ, 5 ಘೋಷಿಸಿ ಬಳಸದೆ ಬಿಟ್ಟರೆ, 6 ಡಿಮ್ ಬಳಸಿದರೆ ಹೇಳುತ್ತದೆ. ಸ್ಕ್ರಿಪ್ಟಿನ ತಲೆಯಲ್ಲಿ, ಅದನ್ನು ಓಡಿಸುವ ಸಹಾಯಕ ಟೂಲಾದ ಆಟೊಇಟ್3ರ‍್ಯಾಪರ್‌ನ ಎಯು3ಚೆಕ್ ಪ್ಯಾರಾಮೀಟರ್ಸ್ ನಿರ್ದೇಶನದ ಸಾಲು ಬರೆದು, ಅದರಲ್ಲಿ ‘-ಡಿ -ಡಬ್ಲ್ಯು 3 -ಡಬ್ಲ್ಯು 4 -ಡಬ್ಲ್ಯು 5 -ಡಬ್ಲ್ಯು 6’ ಕೊಡಿ. ‘-ಡಿ’ ಇದ್ದರೆ ಘೋಷಿಸದ ವೇರಿಯೇಬಲ್ ಸಿಕ್ಕಿದ ಕೂಡಲೇ ದೋಷ. ಮೌಸ್ ಒತ್ತುವ, ಕಿಟಕಿ ಮುಚ್ಚುವ, ಫೈಲ್ ಅಳಿಸುವ ಸ್ಕ್ರಿಪ್ಟಿನಲ್ಲಿ ಹೆಸರು ತಪ್ಪಾದ ವೇರಿಯೇಬಲ್ ಖಾಲಿ ಮೌಲ್ಯದಂತೆ ನಡೆದುಕೊಂಡರೆ ಆಗುವ ಅನಾಹುತ ದೊಡ್ಡದು. ಈ ಸಾಲಿಲ್ಲದೆ ಆಟೊಮೇಶನ್ ಸ್ಕ್ರಿಪ್ಟ್ ಓಡಿಸುವುದು ಒಳ್ಳೆಯದಲ್ಲ.

ದೋಷದ ಸಾಲು ಔಟ್‌ಪುಟ್ ಪೇನಿಗೆ ಬಂದಾಗ ಎಫ್4 ಒತ್ತಿದರೆ ಕರ್ಸರ್ ಆ ಜಾಗಕ್ಕೇ ಜಿಗಿಯುತ್ತದೆ, ಶಿಫ್ಟ್+ಎಫ್4 ಹಿಂದಿನದಕ್ಕೆ. ಎಫ್8 ಔಟ್‌ಪುಟ್ ಪೇನನ್ನು ತೆರೆದು ಮುಚ್ಚುತ್ತದೆ.

ಅಬ್ರಿವಿಯೇಶನ್, ಕಾಲ್‌ಟಿಪ್, ನಿಮ್ಮ ಫಂಕ್ಷನ್‌ಗಳು

ಮೇಲಿನ ನಿರ್ದೇಶನದ ಸಾಲನ್ನು ಪ್ರತಿ ಸ್ಕ್ರಿಪ್ಟಿಗೂ ಟೈಪ್ ಮಾಡುವವರಾರು? ಅದಕ್ಕೇ ಅಬ್ರಿವಿಯೇಶನ್. ಎರಡು ಮೂರು ಅಕ್ಷರ ಟೈಪ್ ಮಾಡಿ ಕಂಟ್ರೋಲ್+ಬಿ ಒತ್ತಿದರೆ ಪೂರ್ತಿ ತುಂಡು ಬಂದು ಬೀಳುತ್ತದೆ. ಆಟೊಇಟ್ ಪ್ಯಾಕೇಜಿನಲ್ಲಿ ಸ್ಪೇಸ್ ಒತ್ತಿದರೂ ಬಿಡಿಸಿಕೊಳ್ಳುತ್ತದೆ. ವಿಸ್ತರಣೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಎನ್ ಸೇರಿದರೆ ಹೊಸ ಸಾಲು, ಬ್ಯಾಕ್‌ಸ್ಲ್ಯಾಶ್ ಮತ್ತು ಟಿ ಸೇರಿದರೆ ಟ್ಯಾಬ್, ನಿಲುಗೆರೆ ಇಟ್ಟ ಕಡೆ ಕರ್ಸರ್ ನಿಲ್ಲುತ್ತದೆ. ನಿಲುಗೆರೆಯೇ ಪಠ್ಯದಲ್ಲಿ ಬೇಕಾದರೆ ಎರಡು ಸಲ ಬರೆಯಬೇಕು.

ಪ್ಯಾಕೇಜಿನಲ್ಲಿ ಒಂದು ಅಬ್ರಿವಿಯೇಶನ್‌ಗೆ ಸಂಬಂಧಿಸಿ ಎರಡು ಫೈಲುಗಳಿವೆ. ಒಂದರಲ್ಲಿ ವಿಸ್ತರಣೆ, ಇನ್ನೊಂದರಲ್ಲಿ ಲೆಕ್ಸರ್ ಗುರುತಿಸಬೇಕಾದ ಪದಗಳ ಪಟ್ಟಿ. ಕೈಯಾರೆ ಒಂದನ್ನು ಮಾತ್ರ ತಿದ್ದಿದರೆ ಬಣ್ಣವೂ ಬರುವುದಿಲ್ಲ, ಸ್ಪೇಸಿಗೆ ಬಿಡಿಸಿಕೊಳ್ಳುವುದೂ ಇಲ್ಲ. ಅಬ್ರಿವಿಯೇಶನ್ ಮ್ಯಾನೇಜರಿನಿಂದ ಸೇರಿಸಿದರೆ ಎರಡೂ ಒಟ್ಟಿಗೆ ಬರೆಯಲ್ಪಡುತ್ತವೆ. ಇಲ್ಲಿ ಕೈಗೆಲಸಕ್ಕಿಂತ ಟೂಲೇ ಮೇಲು.

ನೀವು ಬರೆದುಕೊಂಡ ಫಂಕ್ಷನ್‌ಗಳ ಲೈಬ್ರರಿ ಇದ್ದರೆ ಮೂರು ಕೆಲಸಗಳಿವೆ. ಮೊದಲನೆಯದು ಆಟೊಇಟ್‌ಗೆ ಫೋಲ್ಡರ್ ತಿಳಿಸುವುದು. ರಿಜಿಸ್ಟ್ರಿಯಲ್ಲಿ ಎಚ್‌ಕೆಸಿಯು, ಸಾಫ್ಟ್‌ವೇರ್, ಆಟೊಇಟ್ ವಿ3, ಆಟೊಇಟ್ ಎಂಬ ದಾರಿಯಲ್ಲಿ ‘ಇನ್‌ಕ್ಲೂಡ್’ ಹೆಸರಿನ ಸ್ಟ್ರಿಂಗ್ ಮೌಲ್ಯ ಮಾಡಿ ಫೋಲ್ಡರಿನ ದಾರಿ ಬರೆಯಿರಿ. ಹಲವಿದ್ದರೆ ನಡುವೆ ಅರ್ಧವಿರಾಮ. ಸೈಟ್ ಕಾನ್ಫಿಗ್‌ನಲ್ಲೂ ಇದಕ್ಕೆ ಜಾಗವಿದೆ. ಎರಡನೆಯದು, ಹೆಸರುಗಳಿಗೆ ಬಣ್ಣ ಬರಲು ಎಯು3.ಯೂಸರ್‌ಯುಡಿಎಫ್ಸ್ ಪ್ರಾಪರ್ಟೀಸ್ ಫೈಲಿನಲ್ಲಿ ಅವನ್ನು ಪಟ್ಟಿ ಮಾಡುವುದು. ಇಲ್ಲಿ ಎಲ್ಲ ಅಕ್ಷರಗಳೂ ಸಣ್ಣಕ್ಷರಗಳೇ ಆಗಿರಬೇಕು. ಹೋಲಿಸುವ ಮೊದಲು ಲೆಕ್ಸರ್ ಪದವನ್ನು ಸಣ್ಣಕ್ಷರಕ್ಕೆ ಇಳಿಸುತ್ತದೆ, ದೊಡ್ಡಕ್ಷರವಿದ್ದ ಹೆಸರು ಎಂದಿಗೂ ಹೊಂದುವುದಿಲ್ಲ. ಮೂರನೆಯದು, ಆವರಣ ತೆರೆದಾಗ ಪ್ಯಾರಾಮೀಟರ್‌ಗಳನ್ನು ತೋರಿಸುವ ಕಾಲ್‌ಟಿಪ್. ಎಯು3.ಯೂಸರ್.ಕಾಲ್‌ಟಿಪ್ಸ್ ಎಂಬ ಎಪಿಐ ಫೈಲಿನಲ್ಲಿ ಫಂಕ್ಷನ್ನಿಗೆ ಒಂದೊಂದು ಸಾಲು: ಹೆಸರು, ಆವರಣದಲ್ಲಿ ಪ್ಯಾರಾಮೀಟರ್‌ಗಳು, ನಂತರ ಒಂದು ವಾಕ್ಯದ ವಿವರಣೆ, ಯಾವ ಇನ್‌ಕ್ಲೂಡ್ ಬೇಕು ಎಂಬ ಮಾತು. ಈ ಕೊನೆಯ ಎರಡನ್ನೂ ಯೂಸರ್ ಕಾಲ್‌ಟಿಪ್ ಮ್ಯಾನೇಜರಿನಿಂದ ಮಾಡಿಸಬಹುದು.

ಎರಡನೆಯ ಹಂತ: ಟೂಲ್ಸ್ ಮೆನುವಿಗೆ ಸ್ವಂತ ಆಜ್ಞೆ

0ರಿಂದ 49ರವರೆಗೆ ಐವತ್ತು ಆಜ್ಞೆಗಳಿಗೆ ಜಾಗವಿದೆ. ಪ್ಯಾಕೇಜ್ ಆಗಲೇ ಅನೇಕ ಅಂಕಿಗಳನ್ನು ಬಳಸಿಕೊಂಡಿದೆ. ಎಯು3.ಪ್ರಾಪರ್ಟೀಸ್ ಫೈಲನ್ನು ಓದಲಷ್ಟೇ ತೆರೆದು ‘ಕಮಾಂಡ್.’ ಎಂದು ಹುಡುಕಿ, ಖಾಲಿ ಇರುವ ಅಂಕಿಯನ್ನು ಆರಿಸಿಕೊಳ್ಳಿ. ಬಳಕೆಯಲ್ಲಿರುವುದನ್ನೇ ಹಿಡಿದರೆ ಒಂದು ಆಜ್ಞೆ ಮೆನುವಿನಿಂದ ಮಾಯವಾಗುತ್ತದೆ, ಕಾರಣ ಹುಡುಕುವುದು ಕಷ್ಟ.

ಉದಾಹರಣೆಗೆ, ತೆರೆದಿರುವ ಸ್ಕ್ರಿಪ್ಟಿನ ಪ್ರತಿಯನ್ನು ಡಿ ಡ್ರೈವಿನ ಬ್ಯಾಕಪ್ ಫೋಲ್ಡರಿಗೆ ಹಾಕುವ ಆಜ್ಞೆ. 40 ಖಾಲಿ ಇದೆ ಎಂದುಕೊಳ್ಳೋಣ:

ಕಮಾಂಡ್.ನೇಮ್.40.*.ಎಯು3=ಬ್ಯಾಕಪ್
ಕಮಾಂಡ್.40.*.ಎಯು3=ಸಿಎಂಡಿ /ಸಿ ಕಾಪಿ /ವೈ "$(ಫೈಲ್‌ಪಾತ್)" "ಡಿ:\ಬ್ಯಾಕಪ್"
ಕಮಾಂಡ್.ಸಬ್‌ಸಿಸ್ಟಂ.40.*.ಎಯು3=0
ಕಮಾಂಡ್.ಸೇವ್.ಬಿಫೋರ್.40.*.ಎಯು3=1
ಕಮಾಂಡ್.ಶಾರ್ಟ್‌ಕಟ್.40.*.ಎಯು3=ಕಂಟ್ರೋಲ್+ಶಿಫ್ಟ್+ಎಫ್12

ಫೈಲ್‌ಪಾತ್‌ನಲ್ಲಿ ಎಫ್ ಮತ್ತು ಪಿ ದೊಡ್ಡಕ್ಷರ. ಹಾಗೆಯೇ ಫೈಲ್‌ಡಿರ್, ಫೈಲ್‌ನೇಮ್‌ಎಕ್ಸ್ಟ್, ಕರೆಂಟ್‌ವರ್ಡ್, ಕರೆಂಟ್‌ಸೆಲೆಕ್ಷನ್ ಕೂಡ ಸಿಗುತ್ತವೆ. ಫೈಲ್‌ಪಾತ್ ಸುತ್ತ ಉದ್ಧರಣ ಚಿಹ್ನೆ ಬಿಟ್ಟರೆ ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದ ದಿನ ಆಜ್ಞೆ ಕೈಕೊಡುತ್ತದೆ. ಸಬ್‌ಸಿಸ್ಟಂ 0 ಎಂದರೆ ಉತ್ತರ ಔಟ್‌ಪುಟ್ ಪೇನಿಗೆ ಬರಲಿ ಎಂದು. ಕಿಟಕಿ ಇರುವ ಪ್ರೋಗ್ರಾಂ ತೆರೆಯಲು 1, ವಿಂಡೋಸ್ ಶೆಲ್‌ಗೆ ಒಪ್ಪಿಸಲು 2, ಲುವಾ ಫಂಕ್ಷನ್ ಕರೆಯಲು 3. ಸೇವ್.ಬಿಫೋರ್ 1 ಆದರೆ ಕೇಳದೆ ಸೇವ್ ಮಾಡುತ್ತದೆ, 2 ಆದರೆ ಸೇವ್ ಮಾಡುವುದಿಲ್ಲ, ಏನೂ ಬರೆಯದಿದ್ದರೆ ಪ್ರತಿಸಲ ಕೇಳುತ್ತದೆ.

ಆ ‘/ವೈ’ಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ಎರಡನೆಯ ಸಲ ‘ಹಳೆಯದರ ಮೇಲೆ ಬರೆಯಲೇ?’ ಎಂದು ಕಾಪಿ ಆಜ್ಞೆ ಉತ್ತರಕ್ಕಾಗಿ ಕಾಯುತ್ತ ನಿಲ್ಲುತ್ತದೆ. ಟೂಲ್ಸ್ ಮೆನುವಿನ ಬಹುಪಾಲು ಮಂಕಾಗುತ್ತದೆ, ಎಫ್5 ಕೂಡ ಕೆಲಸ ಮಾಡುವುದಿಲ್ಲ. ಕಂಟ್ರೋಲ್+ಬ್ರೇಕ್ ಒತ್ತಿ ನಿಲ್ಲಿಸಬೇಕು. ಕನ್ಸೋಲ್ ಆಜ್ಞೆಗಳನ್ನು ಸೈಟ್ ಒಂದರ ನಂತರ ಒಂದಾಗಿ ಮಾತ್ರ ಓಡಿಸುತ್ತದೆ. ಒಂದು ಸ್ಕ್ರಿಪ್ಟ್ ಓಡುತ್ತಿರುವಾಗಲೇ ಇನ್ನೊಂದನ್ನು ಪರೀಕ್ಷಿಸಬೇಕಾದವರು ಚೆಕ್.ಇಫ್.ಆಲ್‌ರೆಡಿ.ಓಪನ್=0 ಮಾಡಿ ಎರಡನೆಯ ಸೈಟ್ ತೆರೆದುಕೊಳ್ಳಬೇಕು.

ಶಾರ್ಟ್‌ಕಟ್ ಆರಿಸುವಾಗ ಕಂಟ್ರೋಲ್+ಆಲ್ಟ್ ಜೋಡಿಯಿಂದ ದೂರವಿರಿ. ವಿಂಡೋಸ್ ಅದನ್ನು ಬಲಗಡೆಯ ಆಲ್ಟ್‌ಗೆ ಸಮ ಎಂದು ಎಣಿಸುತ್ತದೆ. ಇಂಗ್ಲಿಷ್ (ಇಂಡಿಯಾ) ಕೀಲಿಮಣೆಯಲ್ಲಿ ಕಂಟ್ರೋಲ್+ಆಲ್ಟ್+4 ರೂಪಾಯಿ ಚಿಹ್ನೆ ಮೂಡಿಸುವುದು ಹೀಗೆಯೇ. ಎಡಿಟರಿನ ಒಳಗಿನ ಮೆನು ಆಜ್ಞೆಗಳಿಗೆ ಬೇರೆ ಕೀಲಿ ಬೇಕಿದ್ದರೆ ಯೂಸರ್.ಶಾರ್ಟ್‌ಕಟ್ಸ್ ಎಂಬ ಸೆಟ್ಟಿಂಗ್ ಇದೆ: ಕೀಲಿ, ನಿಲುಗೆರೆ, ಆಜ್ಞೆಯ ಹೆಸರು, ಮತ್ತೆ ನಿಲುಗೆರೆ. ಕೊನೆಯ ನಿಲುಗೆರೆಯೂ ಇರಲೇಬೇಕು.

ಮೂರನೆಯ ಹಂತ: ಲುವಾ

ಎಡಿಟರಿನೊಳಗಿನ ಪಠ್ಯವನ್ನು ಓದಿ ಬದಲಿಸಬೇಕಾದಾಗ, ಅಥವಾ ಸೇವ್ ಆಗುವ ಮುನ್ನ ಏನಾದರೂ ನಡೆಯಬೇಕಾದಾಗ ಲುವಾ ಬೇಕು. ಎಕ್ಸ್ಟ್.ಲುವಾ.ಸ್ಟಾರ್ಟಪ್.ಸ್ಕ್ರಿಪ್ಟ್ ಎಂಬ ಸೆಟ್ಟಿಂಗ್ ಯಾವ ಲುವಾ ಫೈಲನ್ನು ತೋರಿಸುತ್ತದೋ ಅದು ಎಡಿಟರ್ ತೆರೆದಾಗ ಓದಲ್ಪಡುತ್ತದೆ. ಆಟೊಇಟ್ ಪ್ಯಾಕೇಜ್ ಈ ಸೆಟ್ಟಿಂಗನ್ನು ತನ್ನ ಸ್ಟಾರ್ಟಪ್ ಫೈಲಿಗಾಗಿ ಆಗಲೇ ಬಳಸಿದೆ. ಯೂಸರ್ ಫೈಲಿನಲ್ಲಿ ನಿಮ್ಮ ಲುವಾ ಫೈಲಿನ ದಾರಿ ಕೊಟ್ಟರೆ ಪ್ಯಾಕೇಜಿನದು ಬಿಟ್ಟುಹೋಗಿ, ಅದು ನೀಡುತ್ತಿದ್ದ ಅನುಕೂಲಗಳೂ ನಿಲ್ಲುತ್ತವೆ. ಆದ್ದರಿಂದ ನಿಮ್ಮ ಫೈಲಿನ ಮೊದಲ ಸಾಲಿನಲ್ಲೇ ಡುಫೈಲ್ (ಇನ್ನೊಂದು ಫೈಲನ್ನು ಓಡಿಸುವ ಲುವಾ ಫಂಕ್ಷನ್) ಮೂಲಕ ಪ್ಯಾಕೇಜಿನ ಸ್ಟಾರ್ಟಪ್ ಫೈಲನ್ನು ಕರೆಯಿರಿ. ಅದರ ದಾರಿಗೆ ಪ್ರಾಪ್ಸ್ ಪಟ್ಟಿಯಲ್ಲಿನ ಸೈಟ್‌ಡಿಫಾಲ್ಟ್‌ಹೋಮ್ ಮೌಲ್ಯವನ್ನು ಬಳಸಿ, ನೇರ ದಾರಿ ಬರೆಯಬೇಡಿ.

ಒಂದು ಉಪಯುಕ್ತ ಫಂಕ್ಷನ್ ಹೀಗೆ ಕಟ್ಟಬಹುದು: ಆಯ್ಕೆ ಮಾಡಿದ ವೇರಿಯೇಬಲಿನ ಮೌಲ್ಯವನ್ನು ಮುದ್ರಿಸುವ ಸಾಲನ್ನು ಕೆಳಗೆ ಸೇರಿಸುವುದು. ಎಡಿಟರ್:ಗೆಟ್‌ಸೆಲ್‌ಟೆಕ್ಸ್ಟ್‌ನಿಂದ ಆಯ್ಕೆಯಾದ ಪಠ್ಯ ತೆಗೆದುಕೊಳ್ಳಿ. ಖಾಲಿ ಇದ್ದರೆ ಅಲ್ಲೇ ಹಿಂತಿರುಗಿ. ಎಡಿಟರ್.ಕರೆಂಟ್‌ಪೊಸ್ ಅನ್ನು ಎಡಿಟರ್:ಲೈನ್‌ಫ್ರಮ್‌ಪೊಸಿಶನ್‌ಗೆ ಕೊಟ್ಟು ಸಾಲಿನ ಸಂಖ್ಯೆ ಪಡೆಯಿರಿ. ಎಡಿಟರ್.ಲೈನ್‌ಎಂಡ್‌ಪೊಸಿಶನ್‌ನಲ್ಲಿ ಆ ಸಂಖ್ಯೆಯಿಂದ ಸಾಲಿನ ಕೊನೆ ಸಿಗುತ್ತದೆ, ಎಡಿಟರ್.ಲೈನ್‌ಇಂಡೆಂಟೇಶನ್‌ನಲ್ಲಿ ಎಷ್ಟು ಒಳಗೆ ಸರಿದಿದೆ ಎಂಬುದು. ಹೊಸ ಸಾಲು, ಅಷ್ಟೇ ಖಾಲಿ ಜಾಗ, ಕನ್ಸೋಲ್‌ರೈಟ್ ಪಠ್ಯ ಇವನ್ನು ಜೋಡಿಸಿ ಎಡಿಟರ್:ಇನ್ಸರ್ಟ್‌ಟೆಕ್ಸ್ಟ್‌ಗೆ ಕೊಡಿ. ಆಮೇಲೆ 41ನೇ ಆಜ್ಞೆಯಾಗಿ ಆ ಫಂಕ್ಷನ್ನಿನ ಹೆಸರು ಬರೆದು ಸಬ್‌ಸಿಸ್ಟಂ 3 ಮಾಡಿದರೆ ಮೆನುವಿನಲ್ಲಿ ಸಿದ್ಧ. ಸಾಲಿನ ಸಂಖ್ಯೆ ಲುವಾದಲ್ಲಿ 0ಯಿಂದ ಶುರು, ಪರದೆಯ ಮೇಲೆ 1ರಿಂದ. ಮುದ್ರಿಸುವ ಪಠ್ಯದಲ್ಲಿ ಸಾಲಿನ ಸಂಖ್ಯೆ ಸೇರಿಸುವುದಾದರೆ 1 ಕೂಡಿಸಿ.

ಹಲವು ಬದಲಾವಣೆ ಮಾಡುವ ಫಂಕ್ಷನ್ನಿನಲ್ಲಿ ಬಿಗಿನ್‌ಅನ್‌ಡುಆಕ್ಷನ್, ಎಂಡ್‌ಅನ್‌ಡುಆಕ್ಷನ್ ನಡುವೆ ಎಲ್ಲವನ್ನೂ ಇಟ್ಟರೆ ಒಂದೇ ಕಂಟ್ರೋಲ್+ಝೆಡ್‌ಗೆ ಪೂರ್ತಿ ಹಿಂದಕ್ಕೆ ಹೋಗುತ್ತದೆ. ನಡುವೆ ದೋಷ ಬಂದು ಎಂಡ್ ತಲುಪದಿದ್ದರೆ ಮುಂದೆ ಟೈಪ್ ಮಾಡಿದ್ದೆಲ್ಲ ಅದೇ ಗುಂಪಿಗೆ ಸೇರುತ್ತ ಹೋಗುತ್ತದೆ. ನಡುವಿನ ಕೆಲಸವನ್ನು ಪಿಕಾಲ್ (ದೋಷ ಬಂದರೂ ಮುಂದಿನ ಸಾಲಿಗೆ ಸಾಗಲು ಬಿಡುವ ಲುವಾ ಫಂಕ್ಷನ್) ಮೂಲಕ ಕರೆಯಿರಿ, ಎಂಡ್ ಯಾವಾಗಲೂ ನಡೆಯುತ್ತದೆ.

ಆನ್‌ಬಿಫೋರ್‌ಸೇವ್, ಆನ್‌ಓಪನ್, ಆನ್‌ಕ್ಯಾರ್ ಮೊದಲಾದ ಹೆಸರಿನ ಫಂಕ್ಷನ್ ಬರೆದರೆ ಆ ಘಟನೆ ನಡೆದಾಗ ಸೈಟ್ ತಾನೇ ಕರೆಯುತ್ತದೆ. ಪ್ಯಾಕೇಜ್ ಕೂಡ ಇವೇ ಹೆಸರುಗಳನ್ನು ಬಳಸುತ್ತದೆ. ಆದ್ದರಿಂದ ಹಳೆಯ ಫಂಕ್ಷನ್ನನ್ನು ಮೊದಲು ಒಂದು ಲೋಕಲ್ ವೇರಿಯೇಬಲಿನಲ್ಲಿ ಇಟ್ಟುಕೊಂಡು, ನಿಮ್ಮ ಕೆಲಸ ಮುಗಿದ ಮೇಲೆ ಅದನ್ನು ಕರೆದು ಅದು ಕೊಟ್ಟ ಉತ್ತರವನ್ನೇ ಹಿಂತಿರುಗಿಸಿ. ಉತ್ತರ ನಿಜ ಎಂದಾದರೆ ಆ ಘಟನೆ ನಿರ್ವಹಣೆಯಾಯಿತೆಂದು ಸೈಟ್ ಮುಂದಿನದನ್ನು ಬಿಟ್ಟುಬಿಡುತ್ತದೆ. ಬರೆಯುವ ಹಂತದಲ್ಲಿ ಎಕ್ಸ್ಟ್.ಲುವಾ.ಆಟೊ.ರಿಲೋಡ್=1 ಇರಲಿ, ಪ್ರತಿಸಲ ಎಡಿಟರ್ ಮುಚ್ಚುವ ಶ್ರಮ ತಪ್ಪುತ್ತದೆ.

ಕನ್ನಡ ಪಠ್ಯದ ಮೇಲೆ ಲುವಾ ಓಡಿಸುವವರು ಗಮನಿಸಬೇಕಾದದ್ದು: ಎಡಿಟರಿನ ಸ್ಥಾನಗಳೂ ಲುವಾದ ಸ್ಟ್ರಿಂಗ್ ಉದ್ದವೂ ಬೈಟ್ ಲೆಕ್ಕದಲ್ಲಿವೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮಾಡುವ ಹಲಂತವೂ ಸೇರಿ 5 ಸಂಕೇತ, ಅಂದರೆ 15 ಬೈಟ್. ಸಾಲನ್ನು 80ಕ್ಕೆ ಕತ್ತರಿಸುವ ಫಂಕ್ಷನ್ ಅಕ್ಷರದ ನಡುವೆಯೇ ಕೊಯ್ಯಬಹುದು. ಪ್ರಿಂಟ್ ಮೂಲಕ _ವರ್ಶನ್ ನೋಡಿ: ಲುವಾ 5.3 ಆಗಿದ್ದರೆ ಯುಟಿಎಫ್8 ಲೈಬ್ರರಿಯ ಲೆನ್ ಮತ್ತು ಆಫ್‌ಸೆಟ್ ಸಹಾಯಕ್ಕಿವೆ, 5.1ರಲ್ಲಿ ಆ ಲೈಬ್ರರಿ ಇಲ್ಲ.

ಹೊರಗಿನಿಂದ ಎಡಿಟರನ್ನು ನಡೆಸುವುದು

ಆಟೊಇಟ್ ಸ್ಕ್ರಿಪ್ಟೇ ಸೈಟ್‌ಗೆ ಆಜ್ಞೆ ಕೊಡಬಹುದು. ಡೈರೆಕ್ಟರ್‌ಎಕ್ಸ್‌ಟೆನ್ಶನ್ ಎಂಬ ಹೆಸರಿನ ಅಡಗಿದ ಕಿಟಕಿಯೊಂದು ಇದಕ್ಕಾಗಿಯೇ ಇದೆ. ವಿನ್‌ಗೆಟ್‌ಹ್ಯಾಂಡಲ್‌ನಿಂದ ಅದನ್ನು ಹಿಡಿದು ಡಬ್ಲ್ಯುಎಂ_ಕಾಪಿಡೇಟಾ ಸಂದೇಶ (ಸಂಖ್ಯೆ 74) ಕಳಿಸಬೇಕು. ಸಂದೇಶದಲ್ಲಿ ‘ಓಪನ್:’ ನಂತರ ಫೈಲಿನ ದಾರಿ, ‘ಗೋಟು:’ ನಂತರ ಸಾಲಿನ ಸಂಖ್ಯೆ, ‘ಪ್ರಾಪರ್ಟಿ:’ ನಂತರ ಹೆಸರು ಮತ್ತು ಮೌಲ್ಯ, ‘ಮೆನುಕಮಾಂಡ್:’ ನಂತರ ಆಜ್ಞೆಯ ಸಂಖ್ಯೆ, ಹೀಗೆ. ದಾರಿಯಲ್ಲಿನ ಪ್ರತಿ ಬ್ಯಾಕ್‌ಸ್ಲ್ಯಾಶ್ ಎರಡಾಗಿರಬೇಕು. ಒಂದೇ ಇದ್ದರೆ ನಂತರದ ಅಕ್ಷರದೊಂದಿಗೆ ಸೇರಿ ಬೇರೆ ಅರ್ಥವಾಗುತ್ತದೆ, ಫೈಲ್ ತೆರೆಯುವುದಿಲ್ಲ. ಉದ್ದದಲ್ಲಿ ಕೊನೆಯ ಶೂನ್ಯ ಬೈಟಿಗೆಂದು 1 ಕೂಡಿಸುವುದನ್ನು ಮರೆಯಬೇಡಿ. ಲಾಗ್ ಫೈಲಿನಲ್ಲಿ ದೋಷ ಕಂಡೊಡನೆ ಆ ಸ್ಕ್ರಿಪ್ಟಿನ ಆ ಸಾಲನ್ನೇ ತೆರೆದು ತೋರಿಸುವ ಟೂಲ್ ಇದರಿಂದ ಸಲೀಸು.

ಅಡ್ಮಿನ್ ಹಕ್ಕು ಮತ್ತು ಹಾಟ್‌ಕೀ ತೊಂದರೆ

ಸ್ಕ್ರಿಪ್ಟಿನಲ್ಲಿ ರಿಕ್ವೈರ್‌ಅಡ್ಮಿನ್ ನಿರ್ದೇಶನ ಇದ್ದು ಸೈಟ್ ಸಾಮಾನ್ಯ ಹಕ್ಕಿನಲ್ಲಿ ತೆರೆದಿದ್ದರೆ ಕನ್ಸೋಲ್‌ರೈಟ್ ಬರೆದದ್ದು ಔಟ್‌ಪುಟ್ ಪೇನಿಗೆ ಬರುವುದಿಲ್ಲ. ಸ್ಕ್ರಿಪ್ಟ್ ಮೇಲಿನ ಹಕ್ಕಿನಲ್ಲಿ ಬೇರೆ ಪ್ರಾಸೆಸ್ ಆಗಿ ಮತ್ತೆ ಶುರುವಾಗುವುದರಿಂದ ಹಳೆಯ ಕೊಂಡಿ ಕಳಚುತ್ತದೆ. ಅಂಥ ಸ್ಕ್ರಿಪ್ಟನ್ನು ಪರೀಕ್ಷಿಸುವಾಗ ಸೈಟನ್ನೇ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆಯಿರಿ. ಆಗ ಎಕ್ಸ್‌ಪ್ಲೋರರಿನಿಂದ ಫೈಲನ್ನು ಎಳೆದು ಸೈಟ್ ಮೇಲೆ ಬಿಡುವುದು ಮಾತ್ರ ನಡೆಯುವುದಿಲ್ಲ. ಕೆಳಗಿನ ಹಕ್ಕಿನ ಪ್ರೋಗ್ರಾಂ ಮೇಲಿನದಕ್ಕೆ ಸಂದೇಶ ಕಳಿಸದಂತೆ ವಿಂಡೋಸ್ ತಡೆಯುತ್ತದೆ. ಅಡ್ಮಿನ್ ಆಗಿ ತೆರೆದ ಪ್ರೋಗ್ರಾಮಿಗೆ ಸಾಮಾನ್ಯ ಸ್ಕ್ರಿಪ್ಟಿನ ಸೆಂಡ್ ತಲುಪದಿರುವುದಕ್ಕೂ ಇದೇ ಕಾರಣ.

ಎಡಿಟರಿನಲ್ಲಿ ಇದ್ದಕ್ಕಿದ್ದಂತೆ ಒಂದು ಕೀಲಿ ಕೆಲಸ ಮಾಡದಿದ್ದರೆ ಸೆಟ್ಟಿಂಗ್ ತಡಕುವ ಮೊದಲು ಟಾಸ್ಕ್‌ಬಾರಿನ ಮೂಲೆಯಲ್ಲಿ ಆಟೊಇಟ್ ಐಕಾನ್ ಉಳಿದಿದೆಯೇ ನೋಡಿ. ಹಾಟ್‌ಕೀಸೆಟ್ ಕೊಟ್ಟ ಸ್ಕ್ರಿಪ್ಟ್ ಹಿಂದೆ ಓಡುತ್ತಿರುವವರೆಗೆ ಆ ಕೀಲಿ ಇಡೀ ವಿಂಡೋಸ್‌ನಲ್ಲಿ ಅದಕ್ಕೇ ಸೇರಿದ್ದು. ಎಫ್5ನ್ನು ಹಾಟ್‌ಕೀ ಮಾಡಿಕೊಂಡರೆ ಸೈಟ್‌ಗೆ ಎಫ್5 ಸಿಗುವುದೇ ಇಲ್ಲ. ಪರೀಕ್ಷೆಯ ಸ್ಕ್ರಿಪ್ಟುಗಳಿಗೆ ಶಿಫ್ಟ್+ಎಸ್ಕೇಪ್‌ನಂಥದ್ದನ್ನು ನಿಲ್ಲಿಸುವ ಕೀಲಿಯಾಗಿ ಇಟ್ಟುಕೊಳ್ಳಿ. ಮೌಸ್ ಸ್ಕ್ರಿಪ್ಟಿನ ಹಿಡಿತಕ್ಕೆ ಹೋದಾಗ ಕೈಯಲ್ಲಿ ಉಳಿಯುವುದು ಅದೊಂದೇ.

ಇನ್ನೊಂದು ಕಂಪ್ಯೂಟರಿಗೆ ಎಲ್ಲವನ್ನೂ ಒಯ್ಯಲು ಯೂಸರ್ ಪ್ರಾಪರ್ಟೀಸ್, ಯೂಸರ್ ಅಬ್ರಿವಿಯೇಶನ್‌ನ ಎರಡು ಫೈಲು, ಯೂಸರ್ ಯುಡಿಎಫ್ ಮತ್ತು ಕಾಲ್‌ಟಿಪ್ ಫೈಲುಗಳು, ನಿಮ್ಮ ಲುವಾ ಫೈಲು, ಇನ್‌ಕ್ಲೂಡ್ ಫೋಲ್ಡರು ಇಷ್ಟನ್ನು ನಕಲು ಮಾಡಿದರೆ ಸಾಕು. ರಿಜಿಸ್ಟ್ರಿಯ ಇನ್‌ಕ್ಲೂಡ್ ಮೌಲ್ಯವನ್ನು ಅಲ್ಲಿ ಮತ್ತೆ ಬರೆಯಬೇಕು. ಆಜ್ಞೆಗಳಲ್ಲಿ ‘ಡಿ:’ ಎಂಬಂಥ ಡ್ರೈವ್ ಹೆಸರುಗಳಿದ್ದರೆ ಆ ಕಂಪ್ಯೂಟರಿನಲ್ಲಿ ಆ ಡ್ರೈವ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸೈಟ್‌ಯೂಸರ್‌ಹೋಮ್ ವೇರಿಯೇಬಲ್ ಬಳಸಿ ಬದಲಿಸಿ.